ಊದೋ ಕರಟ

"ಬೋಳಿಮಗಂಗೆ ಕಕ್ಕೋಕೆ ನನ್ ಕೊಬ್ರಿ ರಾಶಿನೇ ಬೇಕಿತ್ತೇನೇ? ಊರಾಗೆ ತಿಪ್ಪೆಗೇನು ಬರ ಬಂದಿತ್ತಾ?"

ಸಾವ್ಕಾರ್ ಪರಮೇಶಪ್ಪ ತನ್ನ ಕೊಬ್ಬರಿ ಮಂಡಿಯ ಬಾಗಿಲಲ್ಲಿ ಪಂಚೆ ಎತ್ತಿ ಹಿಡಿದು ಬೈಯುತ್ತಿದ್ದರೆ, ಒಳಗೆ ಅಂಕಮ್ಮ ಉಂಡೆ ಕೊಬ್ಬರಿಗಳನ್ನು ಒಂದೊಂದೇ ಎತ್ತಿ ಸೆರಗಿನಲ್ಲಿ ಒರೆಸುತ್ತಿದ್ದಳು. ಕಕ್ಕಿದವನು ಅವಳ ಮಗ ದಯಾನಂದ. ಒಂಬತ್ತನೇ ಕ್ಲಾಸು. ಭಾನುವಾರ ಕಾಯಿ ಸುಲಿಯಲು ಬಂದವನು ಮಧ್ಯಾಹ್ನ ತಿರುಗುವ ಹೊತ್ತಿಗೆ ಸಿಪ್ಪೆಯ ಗುಡ್ಡೆಯ ಮೇಲೆ ಬಾಯಿ ತೆರೆದು ಬಿದ್ದಿದ್ದ. ಮುಖದ ತುಂಬ ನೊಣ, ಚಡ್ಡಿಯ ಜೇಬಿನಲ್ಲಿ ಹಿಂಡಿ ಮಡಚಿದ ಬ್ರಾಂದಿ ಪ್ಯಾಕೆಟ್ಟು.

"ಹುಟ್ಟು ಕುಡುಕರು ಕಣ್ರೇ ನೀವು. ಮೊಲೆ ಬುಡಿಸಿದ್ ದಿನಾನೇ ಬಾಯಿಗೆ ಪ್ಯಾಕೆಟ್ ಇಕ್ತೀರಿ."

ಪ್ಯಾಕೆಟ್ ಕೊಟ್ಟೋರ್ಯಾರು ಸಾವ್ಕಾರ್ರೇ, ಎಂದು ಅಂಕಮ್ಮ ಕೇಳಲಿಲ್ಲ. ಕೇಳಬೇಕು ಅಂದುಕೊಂಡಳು, ಅಷ್ಟೆ. ಇನ್ನೊಂದು ಉಂಡೆ ಎತ್ತಿ ಒರೆಸಿದಳು. ಸುಲಿಯುವ ಹುಡುಗರಿಗೆ ಊಟದ ಹೊತ್ತಿಗೊಂದು, ದೀಪ ಹಚ್ಚುವ ಹೊತ್ತಿಗೊಂದು ಪ್ಯಾಕೆಟ್ ಹಂಚುವವನು ಮಂಡಿಯ ರೈಟರ್ ಜ್ಞಾನೇಶ. "ಮೈಕೈ ನೋವಿಗೆ ಕಣ್ರಲಾ" ಅನ್ನುತ್ತಾನೆ. ಅದು ಕೂಲಿಯಲ್ಲಿ ಮುರಿಯುತ್ತದೆ. ಪ್ಯಾಕೆಟ್ ಬರುವುದು ಮಂಡಿಯ ಮಗ್ಗುಲಿನ ಪೆಟ್ಟಿಗೆ ಅಂಗಡಿಯಿಂದ. ಅಂಗಡಿ ಸಾವ್ಕಾರರ ಭಾಮೈದನದು. ಇದೆಲ್ಲ ಮಂಡಿಯ ಇಲಿಗಳಿಗೂ ಗೊತ್ತಿತ್ತು.

ಪಕ್ಕದಲ್ಲಿ ಕಾಯಿಯ ಕರಟ ಕೆತ್ತುತ್ತಾ ಕೂತಿದ್ದ ಗಂಗಕ್ಕ ಮಚ್ಚು ನಿಲ್ಲಿಸದೆ ಪಿಸುಗುಟ್ಟಿದಳು. "ಚೆನ್ನಾಗ್ ಒರ್ಸೇ. ಇದು ಡೆಲ್ಲಿ ಕಡೀಕೆ ಹೋಗಿ ಯಾವ್ದೋ ದ್ಯಾವ್ರ ಮುಂದೆ ಕುಂತ್ಕತ್ತದೆ. ಈ ಸಲ ಪರ್ಸಾದ ಬಲು ಘಮ್ ಅಂತೈತಪ್ಪ ಅಂತ ಸ್ವಾಮಿಗಳು ಮೆಚ್ಕತ್ತಾರೆ."

ಅಂಕಮ್ಮನಿಗೆ ನಗು ಬಂತು. ನಗು ಬಂದದ್ದಕ್ಕೇ ಅಳುವೂ ಬಂತು.

*

ಆ ಸಂಜೆ ಕಾಲೋನಿಯ ನಲ್ಲಿಯ ಹತ್ತಿರ ಹೆಂಗಸರೆಲ್ಲ ಸೇರಿದರು. ಏನು ಮಾಡುವುದು? ಮಾಡುವುದನ್ನೆಲ್ಲ ಮಾಡಿ ಆಗಿತ್ತು. ಠಾಣೆಗೆ ಹೋದರೆ ಪೇದೆ, "ಮೊದ್ಲು ನಿಮ್ ಗಂಡಂದಿರ್ನ ಬುಡುಸ್ರಮ್ಮ, ಆಮ್ಯಾಲೆ ಮಕ್ಕಳ ವಿಚಾರ" ಎಂದು ಹಲ್ಲು ಕಿರಿದಿದ್ದ. ಅಬಕಾರಿ ಜೀಪು ಒಮ್ಮೆ ಬಂದಿತ್ತು. ಅದು ಬರುವ ಮೊದಲೇ ಅಂಗಡಿಯ ಪೆಟ್ಟಿಗೆಗಳು ಮಂಡಿಯ ಅಟ್ಟ ಹತ್ತಿದ್ದವು. ಜೀಪಿನವರು ಸಾವ್ಕಾರರ ತೋಟದಲ್ಲಿ ಎಳನೀರು ಕುಡಿದು, ಒಳಗಿನ ಎಳೆಗಂಜಿ ತಿಂದು, ಕೈ ಒರೆಸಿಕೊಂಡು ಹೋದರು.

"ಕಿಬ್ಬನಹಳ್ಳಿ ಕ್ರಾಸ್ನಾಗೆ ಪೋಲೀಸ್ನೋರು ಬೈಕ್ ನಿಲ್ಲುಸ್ಕಂಡು ಬಾಯಿಗೆ ಅದೆಂಥದೋ ಮಿಷನ್ ಇಕ್ಕಿ ಊದುಸ್ತಾರಲ್ಲ, ನಾವೂ ಊದ್ಸಾನ" ಎಂದಳು ಗಂಗಕ್ಕ.

"ಮಿಷನ್ ಯಾರು, ನಿಮ್ಮಪ್ಪ ತಂದ್ಕೊಡ್ತಾನಾ?" ಗುಂಪಿನಲ್ಲೊಬ್ಬಳು ಕೇಳಿದಳು.

"ಮಿಷನ್ ಯಾಕೇ ಮುಂಡೇವಾ? ಕರಟ ಐತೆ, ನನ್ ಮೂಗೈತೆ. ಗಂಡ ಬದುಕಿದ್ದಾಗ ಬಾಗ್ಲಿಗೆ ಬರೋಕ್ ಮುಂಚೆನೇ ಯಾವ ಬ್ರಾಂಡು ಅಂತ ಹೇಳ್ತಿದ್ದೆ ಕಣೇ ನಾನು. ಅವನು ಸತ್ತು ಮೂಗಿಗೆ ಕೆಲ್ಸ ಇಲ್ದಂಗೆ ಆಗೈತೆ."

ಮಂಡಿಯಲ್ಲಿ ಕೆತ್ತಿದ ಕರಟ ಚೂರುಚೂರಾಗಿರುತ್ತದೆ. ಇಡೀ ಕರಟ ಬೇಕೆಂದರೆ ಮನೆಯಲ್ಲಿ ಹಸಿಕಾಯಿ ಒಡೆದಿರಬೇಕು. ಅಂಕಮ್ಮ ಒಳಗೆ ಹೋಗಿ, ಸಾರಿಗೆ ತುರಿದಿದ್ದ ಕಾಯಿಯ ಕರಟ ಹುಡುಕಿ, ಕಣ್ಣಿಲ್ಲದ ಹೋಳನ್ನು ಬೂದಿ ಹಾಕಿ ತಿಕ್ಕಿ ತಂದಳು.

ಅದನ್ನು ನೋಡಿದ್ದೇ ತಡ, ಅವಳ ಗಂಡ ಕರಿಯಣ್ಣ ಜಗಲಿಯಿಂದ ಜಿಗಿದ.

"ಕರಟನ? ನನ್ ಮಗನ ಬಾಯಿಗೆ ಕರಟ ಇಕ್ತೀಯೇನೇ? ನಮ್ಮವ್ವ ಬದುಕಿರೋವರ್ಗೂ ಸಾವ್ಕಾರ್ರ ಹಿತ್ಲಾಗೆ ಕರಟದಾಗೇ ಕಾಫಿ ಕುಡುದ್ಲು. ಗೊತ್ತಿಲ್ವಾ ನಿಂಗೆ?"

ಅಂಕಮ್ಮನಿಗೆ ಗೊತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಜೊತೆ ಸಾವ್ಕಾರರ ಹಿತ್ತಿಲಿಗೆ ಕಸ ಹೊಡೆಯಲು ಹೋಗಿದ್ದಳು. ಬೇಲಿಯ ಕಳ್ಳಿ ಸಂದಿಯಲ್ಲಿ ಒಂದು ಕರಟ ಸಿಗಿಸಿತ್ತು. ಅತ್ತೆ ಅದನ್ನು ತೆಗೆದು ಎರಡು ಕೈಯಲ್ಲಿ ಹಿಡಿದರು. ಪರಮೇಶಪ್ಪನ ತಾಯಿ ಎತ್ತರದಿಂದ ಕಾಫಿ ಸುರಿದು, "ಕುಡುದ್ಮ್ಯಾಲೆ ತೊಳ್ದು ಅಲ್ಲೇ ಸಿಗ್ಸು" ಅಂದಿದ್ದರು. ಅತ್ತೆ ಅರ್ಧ ಕುಡಿದು ಸೊಸೆಗೆ ಕೊಟ್ಟಿದ್ದರು. ಈಗ ಹಿತ್ತಿಲಲ್ಲಿ ಪ್ಲಾಸ್ಟಿಕ್ ಲೋಟ ಬಂದಿದೆ, ಕುಡಿದು ಬಿಸಾಕಬಹುದು. ಪ್ಯಾಕೆಟ್ಟಿಗಂತೂ ಲೋಟವೇ ಬೇಡ.

"ಬ್ಯಾಡ ಅಂದ್ರೆ ಬುಡಾನ" ಎಂದಳು ಅಂಕಮ್ಮ. ಅವಳು ಯಾವುದಕ್ಕೂ ಹಾಗೇ, ಮೊದಲು ಬಿಟ್ಟುಬಿಡಲು ನೋಡುವವಳು.

"ಯಾಕೇ ಬುಡೋದು?" ಗಂಗಕ್ಕ ಎದ್ದಳು. "ಲೇ ಕರಿಯ, ಮಗ ಸಿಪ್ಪೆ ಗುಡ್ಡೆ ಮ್ಯಾಲೆ ಬಿದ್ದಿದ್ದಾಗ ಎಲ್ಲಿತ್ಲಾ ಈ ರೋಸ? ಬಾ, ಮೊದ್ಲು ನೀನೇ ಊದು."

ಕರಿಯಣ್ಣ ಊದಲಿಲ್ಲ. ಅಂದಿನಿಂದ ಅವನು ಮನೆಗೆ ಬರುವ ದಾರಿಯನ್ನೇ ಬದಲಿಸಿದ. ಕೆರೆ ಏರಿಯ ಮೇಲಿಂದ ಬಳಸಿ, ಗಂಗಕ್ಕನ ಮೂಗಿಗೆ ವಾಸನೆ ಮುಟ್ಟದಷ್ಟು ದೂರದಿಂದ ಹಿತ್ತಿಲಿಗೆ ಇಳಿಯತೊಡಗಿದ.

*

ಕಾಲೋನಿಯ ಬಾಯಲ್ಲಿ ಹುಣಸೆಮರ. ದಿನಾ ಸಂಜೆ ಅದರ ಬುಡದಲ್ಲಿ ಅಂಕಮ್ಮ ಕರಟ ಹಿಡಿದು ನಿಲ್ಲುವಳು, ಗಂಗಕ್ಕ ಕಲ್ಲಿನ ಮೇಲೆ ಕೂರುವಳು. ಹುಡುಗರು ಒಬ್ಬೊಬ್ಬರೇ ಬಂದು ಕರಟದೊಳಗೆ ಊದಬೇಕು. ಅಂಕಮ್ಮ ಅಂಗೈಯಲ್ಲಿ ಮುಚ್ಚಿ ಕೊಟ್ಟರೆ ಗಂಗಕ್ಕ ಮೂಗಿಟ್ಟು ಕಣ್ಣು ಮುಚ್ಚುವಳು. ಪಾಸಾದವನು ಮನೆಗೆ. ಫೇಲಾದವನು ಮನೆಮನೆಗೂ ನೀರು ಹೊತ್ತು ಹಾಕಬೇಕು. ಆಮೇಲೆ ಮುದ್ದೆ.

ಹುಡುಗರು ಏನೇನು ಮಾಡಲಿಲ್ಲ! ಈರುಳ್ಳಿ ಅಗಿದರು, ಸೀಬೆ ಎಲೆ ಅಗಿದರು, ಟೂತ್‌ಪೇಸ್ಟ್ ನುಂಗಿದರು. ಒಬ್ಬನಂತೂ ಬೇಕೆಂದೇ ಮೂಲಂಗಿ ತಿಂದು ಬಂದು ಬಾಯ ಬದಲು ಬೇರೆ ಕಡೆಯಿಂದ ಊದಿದ. ಗಂಗಕ್ಕ ಮೂಗು ಹಿಡಿದುಕೊಂಡು, "ಇವನು ಕುಡ್ದಿಲ್ಲ ಕಣೇ, ಸತ್ತವ್ನೆ. ಹೂಳ್ರಿ" ಅಂದಳು.

ಮೊದಲ ಭಾನುವಾರ ದಯಾನಂದ ಸರದಿಯಲ್ಲಿ ಬಂದಾಗ ಅಂಕಮ್ಮನಿಗೆ ಮೂಗೇ ಬೇಕಾಗಲಿಲ್ಲ. ಕರಟವನ್ನು ಮುಚ್ಚಿದ ಅಂಗೈಯೇ ಹೇಳಿತು. ಸುಳ್ಳು ಹೇಳಿಬಿಡಲೇ ಅಂದುಕೊಂಡಳು. ಎಲ್ಲರೂ ನೋಡುತ್ತಿದ್ದರು.

"ನೀರು ಹೊರು" ಅಂದಳು.

"ನಾನೇನು ಕೇಳಿದ್ನೇನವ್ವ? ಬ್ಯಾಡ ಅಂದ್ರೆ ನಾಳಿಂದ ಬರ್ಬ್ಯಾಡ ಹೋಗು ಅಂತಾರೆ. ಹೆಂಗ್ಸಾ ನೀನು ಅಂತಾರೆ."

"ಹೂಂಕಣಪ್ಪ ಅನ್ನು. ಹೆಂಗುಸ್ರು ಹೆತ್ತಿರೋ ಮಗ ಅನ್ನು."

ಅವನು ಬಿಂದಿಗೆ ಎತ್ತಿದ. ಕೊನೆಯ ಮನೆಗೆ ನೀರು ಹಾಕುವಾಗ ಅವನ ಅಂಗೈಯ ಬೊಬ್ಬೆಗಳು ಒಡೆದಿದ್ದವು. ಅಂಕಮ್ಮ ಮಾತಾಡದೆ ಕೊಬ್ಬರಿ ಎಣ್ಣೆ ಸವರಿದಳು. ಮುಂದಿನ ಭಾನುವಾರ ಅವನು ರೈಟರನ ಕೈಗೇ ಪ್ಯಾಕೆಟ್ ವಾಪಸ್ ಇಟ್ಟು, "ಕೂಲಿನೇ ಕೊಡಿ" ಅಂದನಂತೆ. ಅವನ ಹಿಂದೆ ಉಳಿದವರೂ ಅಂದರು. ಆ ಸಂಜೆ ಅವನು ಕರಟಕ್ಕೆ ಊದಿದ್ದು ಕೆರೆಯಾಚೆಗೂ ಕೇಳಿಸಿರಬೇಕು.

*

ಸುದ್ದಿ ತಾಲ್ಲೂಕು ಮುಟ್ಟಿತು. ನಿರ್ಮಲಾ ಮೇಡಂ ಎಂಬ ಆಫೀಸರು ಬಂದು ಕರಟ ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. "ವ್ಯಸನಮುಕ್ತ ಗ್ರಾಮ" ಅಂತ ಒಂದು ಕಾರ್ಯಕ್ರಮ ಮಾಡೋಣ, ಹುಡುಗರಿಂದ ಪ್ರತಿಜ್ಞೆ ಮಾಡಿಸೋಣ ಅಂದರು. ಶಾಮಿಯಾನ ಯಾರು ಹಾಕಿಸುತ್ತಾರೆ? ಪರಮೇಶಪ್ಪ ಹಾಕಿಸುತ್ತೇನೆಂದ. ಹಾಕಿಸಿದವನೇ ಅಧ್ಯಕ್ಷ. ಅಂಕಮ್ಮ ವೇದಿಕೆಯಲ್ಲಿ ಅವನಿಗೆ ಹಾರ ಹಾಕಿ, ಬಣ್ಣ ಬಳಿದ ಕರಟವನ್ನು ತಟ್ಟೆಯಲ್ಲಿಟ್ಟು ನೆನಪಿನ ಕಾಣಿಕೆಯಾಗಿ ಕೊಡಬೇಕು ಎಂದು ತೀರ್ಮಾನವಾಯಿತು.

ಜ್ಞಾನೇಶ ಮಂಡಿಯಲ್ಲೇ ಅವಳನ್ನು ಪಕ್ಕಕ್ಕೆ ಕರೆದ. "ಹಾರ ಹಾಕು, ಕಾಲಿಗೆ ಬೀಳು, ಇಳಿ. ಬಾಯಿ ಬುಟ್ಟೆ ಅಂದ್ರೆ ನಾಳಿಂದ ನೀನಷ್ಟೇ ಅಲ್ಲ, ನಿಮ್ ಕಾಲೋನಿಯ ಒಂದು ನಾಯಿನೂ ಈ ಗೇಟ್ ಒಳೀಕೆ ಬರಂಗಿಲ್ಲ."

ಬೇರೆ ಮಂಡಿ ಆ ಊರಲ್ಲಿ ಇರಲಿಲ್ಲ. ಅಂಕಮ್ಮ ಮನೆಗೆ ಬಂದು ಹಾರದ ಹೂವಿಗೆ ನೀರು ಚಿಮುಕಿಸತೊಡಗಿದಳು.

ದಯಾನಂದ ಬಾಗಿಲಲ್ಲಿ ನಿಂತಿದ್ದ. "ಅವರಿಗೇ ಹಾರ ಹಾಕ್ತೀಯೇನವ್ವ?"

"ಹೊಟ್ಟೆಪಾಡು ಕಣ್ಲಾ ಮಗ. ಒಂದು ಗಳಿಗೆ."

"ಆಯ್ತು ಹಾಕು. ನಾಳಿಂದ ನಂಗೆ ಊದು ಅನ್ಬ್ಯಾಡ."

ಅಷ್ಟು ಹೇಳಿ ಹೋದ. ಕೋಪದಿಂದ ಹೇಳಿದ್ದರೆ ಬೈದು ಸರಿ ಮಾಡಬಹುದಿತ್ತು. ಅವನು ಮೆಲ್ಲಗೆ ಹೇಳಿದ್ದ.

*

ಶಾಮಿಯಾನದಲ್ಲಿ ಪರಮೇಶಪ್ಪ ಮೈಕಿಗೆ ಎರಡು ಸಲ ತಟ್ಟಿ ಶುರು ಮಾಡಿದ. ಬಾಯಲ್ಲಿ ಏಲಕ್ಕಿ ಉರುಳುತ್ತಿತ್ತು. "ಈ ಜನಕ್ಕೆ ಚಟ ಅನ್ನೋದು ರಕ್ತದಲ್ಲೇ ಬಂದಿರೋದು. ತಿದ್ದಬೇಕಾದ್ದು ನಮ್ಮಂಥವರ ಧರ್ಮ. ನಮ್ಮ ಮಂಡಿಯಲ್ಲಿ ಈ ಮಕ್ಕಳನ್ನ ನಾನು ಮಕ್ಕಳ ಥರಾನೇ ನೋಡ್ಕೊಂಡಿದ್ದೀನಿ."

"ಅದ್ಕೇ ಬಾಟ್ಲಿ ಹಾಲು ಕುಡುಸ್ತಾರೆ" ಎಂದಳು ಗಂಗಕ್ಕ, ಹೆಂಗಸರ ಗುಂಪಿನಲ್ಲಿ. ಮುಂದಿನ ಸಾಲಿನ ಕುರ್ಚಿಗಳು ಹಿಂದೆ ತಿರುಗಿ ನೋಡಿದವು.

ಚಪ್ಪಾಳೆಯಾಯಿತು. ನಿರ್ಮಲಾ ಮೇಡಂ ಎದ್ದು, "ಈಗ ಅಂಕಮ್ಮನವರು ಅಧ್ಯಕ್ಷರಿಗೆ ಹಾರ ಹಾಕಿ, ಈ ಕರಟದ ಪ್ರಯೋಗ ಹೇಗೆ ಅಂತ ಒಬ್ಬರ ಮೇಲೆ ಮಾಡಿ ತೋರಿಸ್ತಾರೆ" ಎಂದರು.

ಅಂಕಮ್ಮ ಮೆಟ್ಟಿಲು ಹತ್ತಿದಳು. ಒಂದು ಕೈಯಲ್ಲಿ ಹಾರ, ಇನ್ನೊಂದರಲ್ಲಿ ತಟ್ಟೆ, ತಟ್ಟೆಯಲ್ಲಿ ಚಿನ್ನದ ಬಣ್ಣದ ಕರಟ. ಕೆಳಗೆ ಹುಡುಗರ ಸಾಲಿನಲ್ಲಿ ದಯಾನಂದ ಅವಳನ್ನು ನೋಡಲಿಲ್ಲ. ನೆಲ ನೋಡುತ್ತಿದ್ದ.

ಅವಳು ಹಾರವನ್ನು ಮೇಜಿನ ಮೇಲಿಟ್ಟಳು. ತಟ್ಟೆಯನ್ನೂ ಇಟ್ಟಳು. ಮಡಿಲಿನಿಂದ ಹಳೆಯ ಕರಟ ತೆಗೆದಳು. ಬೂದಿಯಲ್ಲಿ ತಿಕ್ಕಿದ್ದು, ಎಷ್ಟೋ ಬಾಯಿ ಊದಿದ್ದು. ಪರಮೇಶಪ್ಪನ ಮುಖದ ಹತ್ತಿರ ಹಿಡಿದಳು.

"ಊದಿ ಸಾವ್ಕಾರ್ರೇ."

ಜನ ಮೊದಲು ನಕ್ಕರು, ಇದೂ ಕಾರ್ಯಕ್ರಮದ್ದೇ ಭಾಗ ಅಂದುಕೊಂಡು. ನಿರ್ಮಲಾ ಮೇಡಂ ಕೂಡ ನಕ್ಕು, "ಹೌದು ಸರ್, ಮಕ್ಕಳಿಗೆ ಮಾದರಿ ಆಗುತ್ತೆ, ಊದಿ" ಅಂದರು. ಫೋಟೋದವನು ಮುಂದೆ ಬಂದ.

ಪರಮೇಶಪ್ಪ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. "ತೆಗಿಯೇ ಅತ್ಲಾಗೆ."

"ಊದಿ. ನಮ್ ಹುಡುಗ್ರೆಲ್ಲ ಊದವ್ರೆ."

"ಥೂ! ನಿಮ್ ಕೇರಿ ಮುಂಡೇವು ಬಾಯಿಟ್ಟಿರೋ ಕರಟಕ್ಕೆ ನಾನ್ ಬಾಯಿಡ್ಲೇನೇ?"

ಮೈಕು ಆರಿಸಿರಲಿಲ್ಲ. ಮಾತು ತೆಂಗಿನಮರಗಳಿಗೆ ಕಟ್ಟಿದ್ದ ಅಷ್ಟೂ ಸ್ಪೀಕರುಗಳಿಂದ ಹೊರಟು, ತೋಟ ದಾಟಿ, ಮಂಡಿಯ ತಗಡಿಗೆ ಬಡಿದು ಇನ್ನೊಮ್ಮೆ ಬಂತು. ಬಾಯಿಡ್ಲೇನೇ. ನಿರ್ಮಲಾ ಮೇಡಂ ತಮ್ಮ ಕಾಲು ನೋಡಿಕೊಂಡರು.

"ಊದ್ದೇ ಇದ್ರೂ ಪರ್ವಾಗಿಲ್ಲ ಬುಡೇ" ಎಂದಳು ಗಂಗಕ್ಕ ಕೆಳಗಿನಿಂದ. "ಏಲಕ್ಕಿ ಹಾಕವ್ರೆ. ಆದ್ರೂ ಇಲ್ಲೀಗಂಟ ಬತ್ತಾ ಐತೆ."

ಜ್ಞಾನೇಶ ವೇದಿಕೆಯ ಪಕ್ಕದಲ್ಲಿ ನಿಂತು, ಮಂಡಿಯ ಗೇಟಿನ ಕಡೆಗೆ ಬೆರಳು ತೋರಿಸಿ, ಅದೇ ಬೆರಳನ್ನು ಅಡ್ಡಡ್ಡ ಆಡಿಸಿದ. ಅಂಕಮ್ಮ ನೋಡಿದಳು. ಹುಡುಗರ ಸಾಲಿನಲ್ಲಿ ದಯಾನಂದ ತಲೆ ಎತ್ತಿದ್ದ. ಅದನ್ನೂ ನೋಡಿದಳು.

ಅವಳು ಅಧ್ಯಕ್ಷರ ಕುರ್ಚಿಯ ಹಿಂದಿದ್ದ ಬಿದಿರು ಗಳದ ಹತ್ತಿರ ಹೋದಳು. ಹಗ್ಗ ಬಿಗಿದ ಸಂದಿಯಲ್ಲಿ ಕರಟವನ್ನು ಒತ್ತಿ ಸಿಗಿಸಿದಳು. ಬೀಳುವುದೋ ಎಂದು ಒಮ್ಮೆ ಅಲ್ಲಾಡಿಸಿಯೂ ನೋಡಿದಳು.

"ಇದು ನಿಮ್ದು ಸಾವ್ಕಾರ್ರೇ. ಇಲ್ಲೇ ಇರ್ತದೆ" ಎಂದಳು. ಸ್ಪೀಕರು ಅದನ್ನೂ ಊರಿಗೆಲ್ಲ ಹೇಳಿತು. "ಊದುದ್ಮ್ಯಾಲೆ ತೊಳ್ದು ಅಲ್ಲೇ ಸಿಗ್ಸಿ."