ಕಪ್ತಾನನ ಮಡಚುವ ಮೇಜು

ಅಕ್ಕ ತಮ್ಮನ ಜೊತೆ ಮೇಜು ಕೊಳ್ಳಲು ಹೊರಟಳು ಎಂದರೆ ಅದು ಪ್ರೀತಿಗೆ ಎಂದು ಯಾರೂ ತಿಳಿಯಬಾರದು. ಇವನೊಬ್ಬನನ್ನೇ ಕಳಿಸಿದರೆ ಮನೆಗಿಂತ ದೊಡ್ಡ ಮೇಜು ಹೊತ್ತು ತಂದಾನು ಎಂಬ ಭಯಕ್ಕೆ ಹೊರಟಿದ್ದಳು. ಬೀದಿಯುದ್ದಕ್ಕೂ ಇಬ್ಬರ ನಡುವೆ ಒಂದು ಸೈಕಲ್ಲು ಹಾದುಹೋಗುವಷ್ಟು ಜಾಗವಿತ್ತು. ಮಾತಂತೂ ಇರಲೇ ಇಲ್ಲ. ತಮ್ಮನ ಕಂಕುಳಲ್ಲಿ ಬಟ್ಟೆ ಮುಚ್ಚಿದ ಒಂದು ರಟ್ಟಿನ ಪೆಟ್ಟಿಗೆಯಿತ್ತು.

"ಏನದು?" ಅಂದಳು ಅಕ್ಕ, ತಡೆಯಲಾರದೆ.

"ಅಳತೆ" ಅಂದ ಅವನು.

ತಮ್ಮನ ಕಸುಬು ಮಾಡೆಲ್ ಮಾಡುವುದು. ಹಡಗಿರಲಿ, ರೈಲಿರಲಿ, ಸೇತುವೆಯಿರಲಿ, ಒಂದೇ ಅಳತೆಯಲ್ಲಿ ಕಿರಿದು ಮಾಡಿ, ಒಂದು ಮೊಳೆಯೂ ತಪ್ಪದ ಹಾಗೆ ಕಟ್ಟಿ, ಅದರ ಹುಚ್ಚಿರುವವರಿಗೆ ಮಾರುತ್ತಿದ್ದ. ಬಾಡಿಗೆ ಕೋಣೆ ಕೈತಪ್ಪಿದಾಗ "ಒಂದೆರಡು ವಾರ ಅಷ್ಟೇ ಅಕ್ಕ" ಎಂದು ಬಂದವನು, ಬೇಸಿಗೆ ಹೋಗಿ ಚಳಿ ಬಂದರೂ ಜಾಗ ಬಿಟ್ಟು ಕದಲಿರಲಿಲ್ಲ. ಬಂದ ದಿನವೇ ಊಟದ ಮೇಜಿನ ಮೇಲೆ ಒಂದು ಹಡಗು ಹತ್ತಿ ಕೂತಿತು. ಅದು ಇಳಿಯಲೇ ಇಲ್ಲ. ಅಕ್ಕ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತಳು. ತನ್ನ ಮನೆಯಲ್ಲಿ ತಾನೇ ನೆಂಟಳಾದಳು. ಒಂದು ದಿನ ತುತ್ತಿನಲ್ಲಿ ಏನೋ ಹಲ್ಲಿಗೆ ಕಟಕ್ಕೆಂದಿತು. ಉಗಿದು ನೋಡಿದರೆ ಲಂಗರು! "ಸದ್ಯ, ಬೆಳಗ್ಗೆಯಿಂದ ಹುಡುಕ್ತಾ ಇದ್ದೆ" ಎಂದು ತಮ್ಮ ಅದನ್ನು ಎತ್ತಿ ಒರೆಸಿಕೊಂಡು ಹೋದ. ಅವಳ ಹಲ್ಲಿಗೆ ಏನಾಯಿತು ಅಂತ ಕೇಳಲಿಲ್ಲ.

ಅವತ್ತೇ ತೀರ್ಪು ಕೊಟ್ಟಿದ್ದಳು. "ಮಡಚೋ ಮೇಜು ತಗೋ. ಕೆಲಸ ಮುಗಿದ ಮೇಲೆ ಮಡಚಿ ಗೋಡೆಗೆ ಒರಗಿಸು. ಆಗಲ್ಲ ಅಂದ್ರೆ ನಿನ್ನ ನೌಕಾಪಡೆ ಕಟ್ಟಿಕೊಂಡು ಹೊರಡು, ಕಪ್ತಾನ."

ಅಕ್ಕ ದರ್ಜಿ. ಹೋಟೆಲಿನ ಮಾಣಿಗಳು ತೊಡುವ ಕಪ್ಪು ಕೋಟುಗಳನ್ನು ಮನೆಯಲ್ಲೇ ಹೊಲಿದುಕೊಡುತ್ತಿದ್ದಳು. ಕಪ್ಪು ಬಟ್ಟೆಗೆ ಕಪ್ಪು ದಾರ. ಒಂದು ಹೊಲಿಗೆ ತಪ್ಪಿದರೂ ಕೋಟು ವಾಪಸು ಬರುತ್ತದೆ, ದೀಪದ ಬೆಳಕಿನಲ್ಲಿ ಹೊಲಿದರೆ ತಪ್ಪುವುದೇ ಹೆಚ್ಚು. ಮನೆಗೆ ಇದ್ದದ್ದೇ ಒಂದು ದೊಡ್ಡ ಕೋಣೆ, ಅದಕ್ಕೊಂದು ಒಳ್ಳೆಯ ಕಿಟಕಿ. ಆ ಕಿಟಕಿಯ ಕೆಳಗೆ ಅವಳ ಮಷೀನು. ಊಟದ ಮೇಜು ಹೋದರೆ ಹಾಳಾಗಿ ಹೋಗಲಿ, ಆ ಕಿಟಕಿ ಹೋದರೆ ಅವಳಿಗೆ ಅನ್ನವೇ ಇಲ್ಲ. ಅದು ತಮ್ಮನಿಗೂ ಗೊತ್ತಿತ್ತು. ಕಿಟಕಿಗಳ ವಿಷಯದಲ್ಲಿ ಅವನು ಮೊದಲಿಂದಲೂ ಚುರುಕು. ಚಿಕ್ಕಂದಿನಲ್ಲಿ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟು ಅವನದೇ. "ಬಿಟ್ಕೊಡೇ, ಚಿಕ್ಕವನಲ್ವಾ" ಅನ್ನುತ್ತಿದ್ದಳು ಅಮ್ಮ. ಆ ಚಿಕ್ಕವನ ತಲೆ ಈಗ ಅರ್ಧ ನರೆತಿತ್ತು.

ಅಂಗಡಿಯಲ್ಲಿ ಮೇಜುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಅಂಗಡಿಯವನು ಮಾತಿನ ಮಲ್ಲ. ಇಬ್ಬರ ಮುಖ ನೋಡಿದ ಕೂಡಲೇ ಅವನಿಗೆ ಎಣ್ಣೆ ಸೀಗೆಕಾಯಿ ಸಂಬಂಧ ಅರ್ಥವಾಯಿತು. ಆದರೂ ವ್ಯಾಪಾರ ವ್ಯಾಪಾರವೇ ತಾನೆ. ಮೊದಲಿಗೆ ಗಿಡ್ಡ ಕಾಲಿನ ಒಂದು ಹಲಗೆ ತಂದ.

"ಹಾಸಿಗೆ ಮೇಲೆ ಕೂತೇ ಕೆಲಸ ಮಾಡಬಹುದು ಸರ್. ಹಗುರ."

ತಮ್ಮ ಜೇಬಿನಿಂದ ಕೂದಲೆಳೆಯಂಥ ಕುಂಚ ತೆಗೆದು ಅದರ ಮೇಲಿಟ್ಟು ಬಗ್ಗಿ ನೋಡಿದ. ಕುಂಚ ಉರುಳಿ ಕೆಳಗೆ ಬಿತ್ತು. "ನಾನು ಉಸಿರು ಬಿಟ್ರೂ ಇದು ಅಲ್ಲಾಡುತ್ತೆ."

"ಹಾಗಾದ್ರೆ ಬಿಡಬೇಡ" ಅಂದಳು ಅಕ್ಕ.

ಎರಡನೆಯದು ಸೂಟ್‌ಕೇಸಿನ ಹಾಗೆ ನಡುವೆ ಮಡಚುವಂಥದ್ದು. ತೆಳ್ಳಗಿನ ಲೋಹದ ಕಾಲುಗಳು. ತಮ್ಮ ನಡುವಿನ ಸಂದಿನಲ್ಲಿ ಉಗುರು ಎಳೆದು ತಲೆಯಾಡಿಸಿದ. "ಸಣ್ಣ ಪುಟ್ಟ ಭಾಗ ಎಲ್ಲಾ ಇದರೊಳಗೆ ಬಿದ್ದು ಹೋಗುತ್ತೆ."

"ನನ್ನ ತಟ್ಟೆಗೆ ಬೀಳೋದಕ್ಕಿಂತ ವಾಸಿ."

ಮೂರನೆಯದನ್ನು ಬಿಡಿಸಿದಾಗ ಅವನ ಮುಖ ಅರಳಿತು. ಅಖಂಡ ಹಲಗೆ, ಏನೂ ಉರುಳಿ ಬೀಳದ ಹಾಗೆ ಸುತ್ತ ಬೆರಳೆತ್ತರದ ಅಂಚು, ಕಾಲುಗಳಿಗೆ ಚಿಲಕ, ಎತ್ತಿಕೊಳ್ಳಲು ಪಕ್ಕದಲ್ಲಿ ಹಿಡಿ. ಅವನು ಮಂಡಿಯೂರಿ ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದ, ಗೆಣ್ಣಿನಿಂದ ತಟ್ಟಿದ, ಮೊಣಕೈ ಊರಿ ಭಾರ ಬಿಟ್ಟ. ಮೇಜು ಮಿಸುಕಲಿಲ್ಲ. ಹೆಣ್ಣು ನೋಡಲು ಹೋದಾಗಲೂ ಇವನು ಇಷ್ಟು ಗಮನ ಕೊಟ್ಟಿದ್ದರೆ ಸಂಸಾರ ಉಳಿಯುತ್ತಿತ್ತು ಅಂದುಕೊಂಡಳು ಅಕ್ಕ.

"ಇದೇ" ಅಂದ ತಮ್ಮ.

"ಎಲ್ಲಿಡ್ತೀಯಾ? ನನ್ನ ತಲೆ ಮೇಲಾ?"

"ಜಾಗ ಇದೆ ಅಕ್ಕ. ತೋರಿಸ್ತೀನಿ." ಅವನು ಪೆಟ್ಟಿಗೆಯ ಬಟ್ಟೆ ಸರಿಸಿದ.

ಒಳಗೆ ಅವಳ ಮನೆಯೇ ಇತ್ತು. ಸೂರಿಲ್ಲದ ದೊಡ್ಡ ಕೋಣೆ, ಸೀಳು ಬಿಟ್ಟ ನೆಲದ ಹಾಸು, ಬಣ್ಣ ಎದ್ದ ಗೋಡೆ, ನಿಂತೇ ಹೋಗಿರುವ ಗಡಿಯಾರ, ಬಾಗಿಲ ಬಳಿ ಉಗುರಿನಷ್ಟು ಚಪ್ಪಲಿ. ಒಂದು ಮೇಜು ಕೊಳ್ಳಲು ಇಡೀ ಮನೆ ಕಟ್ಟಿದ್ದ. ಗುಡ್ಡ ಅಗೆದು ಇಲಿ ಹಿಡಿಯುವವರ ಪೈಕಿ ಇವನು. ಆದರೂ ಅಕ್ಕ ಒಂದು ಗಳಿಗೆ ಕೋಪ ಮರೆತಳು. ತನ್ನ ಮನೆ ಇಷ್ಟು ಚೆನ್ನಾಗಿದೆಯೇ ಅನ್ನಿಸಿತು.

ತಮ್ಮ ಚಿಮುಟದಲ್ಲಿ ಒಂದು ರಟ್ಟಿನ ಮೇಜನ್ನು ಎತ್ತಿ ಕಿಟಕಿಯ ಕೆಳಗೆ ಇಟ್ಟ. ಅದು ಅಲ್ಲಿ ಅಳೆದು ಹೊಲಿದ ಹಾಗೆ ಕೂತಿತು.

"ನನ್ನ ಮಷೀನೆಲ್ಲೋ?" ಅಂದಳು ಅಕ್ಕ.

ತಮ್ಮನ ಚಿಮುಟ ಗಾಳಿಯಲ್ಲೇ ನಿಂತಿತು. "ಅಯ್ಯೋ... ಮರ್ತೇಹೋಯ್ತು ಅಕ್ಕ."

ನಂಬಿದಳು. ಯಾಕೆ ನಂಬಬಾರದು? ಅವನು ಎಲ್ಲವನ್ನೂ ಮರೆಯುವವನೇ. ಒಲೆ ಆರಿಸಲು ಮರೆಯುತ್ತಾನೆ, ನಲ್ಲಿ ನಿಲ್ಲಿಸಲು ಮರೆಯುತ್ತಾನೆ, ಎರಡು ವಾರಕ್ಕೆಂದು ಬಂದದ್ದನ್ನೇ ಮರೆತಿದ್ದಾನೆ. ಹಾಳಾಗಿ ಹೋಗಲಿ, ಇನ್ನೊಮ್ಮೆ ಅಳೆಯಲಿ ಎಂದು ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅಂಗಡಿಯವನು ಪುಟ್ಟ ಬಾಗಿಲಿಗೆ ಮೊಬೈಲಿನ ಬೆಳಕು ಬಿಟ್ಟು ಬಗ್ಗಿದ್ದ. ಕೋಣೆಗೆ ಸೂರು ಇರದಿದ್ದರೂ ಬಚ್ಚಲಿಗೆ ಹೋಗುವ ಪ್ಯಾಸೇಜಿಗೆ ತಮ್ಮ ಸೂರು ಹೊದಿಸಿದ್ದ.

"ಇಲ್ಲೊಬ್ರು ಕೂತಿದ್ದಾರಲ್ಲ ಮೇಡಂ! ಮಷೀನೂ ಇದೆ ನೋಡಿ, ಚಕ್ರ ಸಮೇತ! ಅಬ್ಬಾ, ಏನು ಕೈಚಳಕ ಸರ್ ನಿಮ್ದು!"

ಅಕ್ಕ ಮೊಬೈಲು ಕಿತ್ತುಕೊಂಡು ಬಗ್ಗಿದಳು. ಪ್ಯಾಸೇಜಿನ ಕೊನೆಯಲ್ಲಿ, ಬಚ್ಚಲಿನ ಬಾಗಿಲಿಗೆ ತಾಗಿದಂತೆ, ಅವಳ ಮಷೀನಿತ್ತು. ಬಿರುಕು ಬಿಟ್ಟ ಪೆಡಲ್ಲನ್ನೂ ಬಿಟ್ಟಿರಲಿಲ್ಲ. ಅದರ ಮುಂದೆ ಹೆಬ್ಬೆರಳುದ್ದದ ಒಬ್ಬಳು ಹೆಂಗಸು, ಗೋಡೆಗೆ ಮುಖ ಮಾಡಿ ಕೂತಿದ್ದಳು. ಬಾಗಿದ ಬೆನ್ನು, ಸಡಿಲ ತುರುಬು, ಕೊರಳಲ್ಲಿ ದಾರದೆಳೆಯಷ್ಟು ಟೇಪು. ತೊಡೆಯ ಮೇಲೆ ಒಂದು ಕಪ್ಪು ಚಿಂದಿ.

ಅಂಗಡಿಯವನು ಅಕ್ಕನ ಕೊರಳಲ್ಲಿ ಜೋತಿದ್ದ ಟೇಪನ್ನು ನೋಡಿದ, ಗೊಂಬೆಯನ್ನು ನೋಡಿದ, ನಗಲು ಹೋಗಿ ನುಂಗಿಕೊಂಡ.

ಅಕ್ಕನ ಮೈಯೆಲ್ಲ ಉರಿಯಿತು. ಮರೆತಿದ್ದರೆ ಕ್ಷಮಿಸುತ್ತಿದ್ದಳು. ಇದು ಮರೆವಲ್ಲ. ಈ ತುರುಬು ಸುತ್ತುವುದಕ್ಕೆ, ಈ ಬೆನ್ನು ಬಗ್ಗಿಸುವುದಕ್ಕೆ ಇವನು ಗಂಟೆಗಟ್ಟಲೆ ಕೂತಿದ್ದಾನೆ, ಅದೂ ಅವಳದೇ ಊಟದ ಮೇಜಿನ ಮೇಲೆ. ಅವಳು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಾಗ ಎದುರಲ್ಲೇ ಕೂತು ಅವಳನ್ನು ಕತ್ತಲಿಗೆ ಸಾಗಿಸಿದ್ದಾನೆ.

"ಸುಮ್ನೆ ಟ್ರಯಲ್ ಅಕ್ಕ..." ಅಂದ ತಮ್ಮ.

"ಒಂದಕ್ಕೆ ಎಷ್ಟು?"

"ಏನು?"

"ಇದರ ಅಳತೆ. ಒಂದಕ್ಕೆ ಎಷ್ಟು ಅಂದೆ."

"ಇಪ್ಪತ್ತು" ಅಂದುಬಿಟ್ಟ. ಮರೆವಿನ ವಿಷಯದಲ್ಲಿ ಸುಳ್ಳು ಹೇಳಬಲ್ಲ ಅವನ ನಾಲಿಗೆಗೆ ಅಳತೆಯ ವಿಷಯದಲ್ಲಿ ಸುಳ್ಳು ಬರುತ್ತಿರಲಿಲ್ಲ.

ಅಕ್ಕ ಕೊರಳಿನ ಟೇಪು ಎಳೆದು ರಟ್ಟಿನ ಪ್ಯಾಸೇಜಿನ ಅಗಲಕ್ಕೆ ಹಿಡಿದಳು, ಮನಸ್ಸಿನಲ್ಲೇ ಇಪ್ಪತ್ತರಿಂದ ಗುಣಿಸಿದಳು. ಆಮೇಲೆ ಅದೇ ಟೇಪನ್ನು ನಡುವೆ ಸಂದಿದ್ದ ಎರಡನೆಯ ಮೇಜಿಗೆ ಹಿಡಿದಳು. ಪ್ಯಾಸೇಜಿಗಿಂತ ಎರಡು ಬೆರಳು ಕಡಿಮೆ.

"ಇದನ್ನೇ ಕಟ್ಟಿಕೊಡಿ" ಅಂದಳು ಅಂಗಡಿಯವನಿಗೆ. "ಪ್ಯಾಸೇಜಲ್ಲಿ ಸರಿಯಾಗಿ ಹಿಡಿಸುತ್ತೆ. ಇವನೇ ಅಳೆದಿರೋದು, ತಪ್ಪಲ್ಲ."

"ಅಲ್ಲಿ ಬೆಳಕಿಲ್ವಲ್ಲ ಅಕ್ಕ!"

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಅಂಗಡಿಯವನು ಪೆನ್ಸಿಲ್ ತೆಗೆದು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. ಅಕ್ಕ ತಮ್ಮನ ಮುಖವನ್ನೇ ನೋಡಿದಳು.

"ಗೊತ್ತಿತ್ತು ಹಾಗಾದ್ರೆ" ಅಂದಳು.

ಮನೆಗೆ ಬರುವಾಗಲೂ ಸೈಕಲ್ಲಿನ ಜಾಗ ಹಾಗೇ ಇತ್ತು. ಮೇಜನ್ನು ಅವನು ಹೊತ್ತ, ರಟ್ಟಿನ ಮನೆಯನ್ನು ಅವಳು ಹಿಡಿದಳು. ನಂಬಿಕೆ ಹೋದ ಮೇಲೆ ಮನೆಯನ್ನು ಇನ್ನೊಬ್ಬರ ಕೈಗೆ ಕೊಡುವುದುಂಟೆ? ಬಾಗಿಲು ತೆರೆದವಳೇ ಮೊದಲು ಊಟದ ಮೇಜಿನಿಂದ ಹಡಗನ್ನು ಇಳಿಸಿ ಅವನ ಕೈಗಿತ್ತಳು. ನೀರಲ್ಲಿ ಬಟ್ಟೆ ಅದ್ದಿ ಮೇಜು ಒರೆಸಿದಳು. ಅಂಟಿನ ಕಲೆ ಹೋಗಲಿಲ್ಲ. ಆ ಕಲೆಯ ಮೇಲೇ ತಟ್ಟೆ ಇಟ್ಟುಕೊಂಡು, ಕುರ್ಚಿ ಎಳೆದುಕೊಂಡು, ನೆಟ್ಟಗೆ ಕೂತು ಉಂಡಳು.

ತಮ್ಮ ಪ್ಯಾಸೇಜಿನಲ್ಲಿ ಮೇಜು ಬಿಡಿಸಿದ. ಅಳತೆ ತಪ್ಪಿರಲಿಲ್ಲ, ಗೋಡೆಯಿಂದ ಗೋಡೆಗೆ ಸರಿಹೋಯಿತು. ಯಾರಾದರೂ ಬಚ್ಚಲಿಗೆ ಹೋಗಬೇಕಾದರೆ ಅವನು ಎದ್ದು, ಹಡಗು ಎತ್ತಿ, ಮೇಜು ಮಡಚಿ ದಾರಿ ಬಿಡಬೇಕಿತ್ತು. ರಟ್ಟಿನ ಮನೆಯಲ್ಲಿ ಆ ಕೆಲಸ ಅಕ್ಕನದು ಎಂದು ಅವನು ಲೆಕ್ಕ ಹಾಕಿದ್ದ. ಅವತ್ತು ಮಧ್ಯಾಹ್ನ ಅಕ್ಕ ಬೇಕಾದ್ದಕ್ಕಿಂತ ಹೆಚ್ಚೇ ನೀರು ಕುಡಿದಳು. ಪ್ರತಿ ಸಲವೂ ಅವನು ಎದ್ದ, ಎತ್ತಿದ, ಮಡಚಿದ. ಮೂರನೆಯ ಸಲ ಸಂದಿನೊಳಗೆ ಏನೋ ಬಿದ್ದ ಸದ್ದಾಯಿತು. ಲಂಗರೇ ಇರಬೇಕು. ಅಕ್ಕ ಹಾಡು ಗುನುಗುತ್ತಾ ಹಾದುಹೋದಳು.

ಆದರೆ ಮಷೀನಿನ ಮುಂದೆ ಬಂದು ಕೂತಾಗ ಹಾಡು ನಿಂತಿತು. ತನ್ನ ಬೆನ್ನು ಅಷ್ಟು ಬಾಗಿದೆಯೇ? ಯಾರೂ ಹೇಳಿರಲಿಲ್ಲ. ಇವನು ನೋಡಿದ್ದ. ಕೂದಲೆಳೆಯಷ್ಟೂ ಬಿಡದೆ ನೋಡಿದ್ದ, ನೋಡಿ "ನೋವಾಗುತ್ತಾ ಅಕ್ಕ" ಅಂತ ಒಂದು ಮಾತು ಕೇಳದೆ ಅಚ್ಚು ತೆಗೆದಿದ್ದ. ಅವಳಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಬೆನ್ನು ನೆಟ್ಟಗೆ ಮಾಡಿಕೊಂಡು ಪೆಡಲು ತುಳಿದಳು.

ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಪ್ಯಾಸೇಜಿನಲ್ಲಿ ಆಗಲೇ ಕತ್ತಲು. ಅಲ್ಲಿ ಇದ್ದದ್ದು ಬಚ್ಚಲಿನ ಬಾಗಿಲು ಕಾಣಲೆಂದು ಹಾಕಿದ್ದ ಒಂದು ಮಂಕು ಬಲ್ಬು. ತಮ್ಮ ಹಡಗನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಚಿಮುಟ ಕೆಳಗಿಟ್ಟ. ಮೆಲ್ಲಗೆ ಕೂಗಿದ.

"ಅಕ್ಕಾ, ಇಲ್ಲೇನೂ ಕಾಣಲ್ಲ. ಯಾವ ಬಲ್ಬು ಹಾಕ್ಲಿ?"

ಅಕ್ಕ ಮಷೀನು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ನನಗೆ ಅಂತ ಯಾವ್ದು ಯೋಚಿಸಿದ್ಯೋ ಅದನ್ನೇ ಹಾಕ್ಕೋ."