ಪಾದರಸ ಅರೆದ ಕಲ್ಲು

ಜನ ಹೆಸರೆತ್ತಲೂ ನಾಚುವ ರೋಗದ ಕಥೆಯನ್ನು ಒಂದು ಕಲ್ಲು ಹೇಳಬಹುದೇ, ನನಗೆ ತಿಳಿಯದು. ಹಿರಿಯರು ಕ್ಷಮಿಸಬೇಕು. ತಪ್ಪಿಲ್ಲದೆ ಹೇಳಲು ಪ್ರಯತ್ನಿಸುತ್ತೇನೆ.

ನಾನು ಔಷಧ ಅರೆಯುವ ಕರಿಕಲ್ಲು. ಗದಗಿನ ಕಡೆಯ ಕಲ್ಲುಕುಟಿಗನೊಬ್ಬ ನನ್ನ ಹೊಟ್ಟೆಯನ್ನು ದೋಣಿಯಂತೆ ಕೊರೆದು, ಕುಸುಬೆ ಎಣ್ಣೆ ಸವರಿ, ಒಂದು ವೈದ್ಯರ ಮನೆಗೆ ಕೊಟ್ಟ. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗ ರಾಚೋಟಯ್ಯನವರಿಗೆ ಬಂದೆ.

ನನ್ನಲ್ಲಿ ಹೆಚ್ಚಾಗಿ ಅರೆಯುತ್ತಿದ್ದದ್ದು ಪಾದರಸ. ಸುರಿದಾಗ ಒಂದೇ ಚಂದ್ರ. ಗುಂಡುಕಲ್ಲು ತಾಗಿದೊಡನೆ ನೂರು ಚಂದ್ರ. ಗಂಧಕ ಬೆರೆಸಿ ಅರೆದಂತೆ ಒಂದೊಂದೇ ಕಪ್ಪಾಗಿ ಮಾಯವಾಗುತ್ತಿದ್ದವು. ಅದು ಪರಂಗಿ ಬೇನೆಯ ಮದ್ದು. ಗಂಡು ಹೆಣ್ಣಿನ ಸಂಗದಿಂದ ಅಂಟುವ ಆ ಬೇನೆ ಪರಂಗಿಯವರ ಹಡಗಿನಲ್ಲಿ ಬಂತೆಂದು ಹೇಳುತ್ತಿದ್ದರು.

ರೋಗಿಯನ್ನು ಕತ್ತಲ ಕೋಣೆಯಲ್ಲಿರಿಸಿ, ಉಪ್ಪಿಲ್ಲದ ಅನ್ನ ಹಾಕಿ, ಪಕ್ಕಕ್ಕೊಂದು ಮಡಕೆ ಇಡುತ್ತಿದ್ದರು. ಮದ್ದು ತಾಗಿದರೆ ಬಾಯಿ ತುಂಬ ಜೊಲ್ಲು. ಹಲ್ಲುಗಳೂ ಅಲ್ಲಾಡುತ್ತಿದ್ದವು. ಉಗುಳಿದಷ್ಟೂ ರೋಗ ಹೊರಬಿತ್ತೆಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಹತ್ತಿ ಗಾಡಿ ಹೊಡೆಯುವ ಬಾಳಪ್ಪ ಹಾಗೆಯೇ ಮಡಕೆ ತುಂಬಿಸಿ, ಹುಣ್ಣು ಮಾಯ್ದು ಮನೆಗೆ ಹೋದ. ಆದರೆ ಅವನ ಹೆಂಡತಿ ನೀಲವ್ವ ಹೆತ್ತ ಕೂಸುಗಳು ಅಳಲೇ ಇಲ್ಲ, ಉಸಿರಿಲ್ಲದೆ ಹುಟ್ಟಿದವು. ಮತ್ತೆ ಬಸಿರಾದಾಗ ಅವಳೇ ಬಂದಳು.

“ಅಜ್ಜಾರ, ಕೂಸು ತಿನ್ನೋ ಹೊಟ್ಟಿ ಅಂತಾಳ ನಮ್ಮತ್ತಿ. ಬಿತ್ತಿದವಗ ಔಷಧ ಕೊಟ್ರಿ. ಹೊಲಕ್ಕ ಬ್ಯಾಡೇನ್ರಿ?”

ರಾಚೋಟಯ್ಯನವರು ತಲೆ ತಗ್ಗಿಸಿದರು. ಈ ಬೇನೆಯ ವಿಷಯದಲ್ಲಿ ಹೆಂಗಸರನ್ನು ವಿಚಾರಿಸುವುದು ಮರ್ಯಾದೆಯಲ್ಲವೆಂಬುದು ಆ ಮನೆಯ ರೂಢಿ.

“ಕೊಡೂಣವ್ವಾ,” ಎಂದು ಪಾದರಸ ಸುರಿದು ಅರೆಯತೊಡಗಿದರು. ವರ್ಷಗಟ್ಟಲೆ ಪಾದರಸ ಅರೆದು ಅರೆದು ಅವರ ಕೈಗೆ ನಡುಕ ಹತ್ತಿತ್ತು; ಅವರ ತಂದೆಯ ಕೈಗೂ ಹೀಗೇ ಹತ್ತಿತ್ತು. ಚಂದ್ರಗಳು ನನ್ನ ಅಂಚಿನವರೆಗೂ ಓಡಿದವು. “ಬಾಯಾಗ ಜೊಲ್ಲು ಬರತೈತಿ. ಮಡಕ್ಯಾಗ ಉಗುಳಬೇಕು.”

“ನಾ ಉಗುಳತೀನ್ರಿ. ಹೊಟ್ಟ್ಯಾಗಿನ ಕೂಸು ಎಲ್ಲಿ ಉಗುಳಬೇಕ್ರಿ?”

ಗುಂಡುಕಲ್ಲು ನಿಂತುಬಿಟ್ಟಿತು. ಅವರು ಕೋಳಿಯ ಪುಕ್ಕದಿಂದ ಚಂದ್ರಗಳನ್ನು ಕೂಡಿಸಿ ಸೀಸೆಗೆ ಹಾಕಿದರು.

“ದೊಡ್ಡ ದವಾಖಾನ್ಯಾಗ ಪೆನ್ಸಿಲಿನ್ ಅಂತ ಹೊಸಾ ಸೂಜಿಮದ್ದು ಬಂದೈತಂತ. ಬಾಳಪ್ಪನ್ನೂ ಕರಿ. ನಾನೂ ಬರತೀನಿ.”

“ವೈದ್ಯರಽ ಡಾಕ್ಟರ ಬಾಗಲಕ್ಕ ಬಂದ್ರಂತ ಮಂದಿ ನಗತಾರ್ರೀ.”

“ನಗಲಿ ಬಿಡು. ನನ್ನ ನೋಡಿ ನಗೂ ಮಂದಿ ನಿನ್ನ ನೋಡೂದಿಲ್ಲ.”

ಹೊರಡುವ ಮುನ್ನ ಅವರು ನನ್ನನ್ನು ಎತ್ತಿ ಹಿತ್ತಲ ಗೋಡೆಯ ಬುಡಕ್ಕಿಟ್ಟರು. ಮತ್ತೆ ಒಳಗೆ ಒಯ್ಯಲಿಲ್ಲ.

ಈಗ ನನ್ನ ಹೊಟ್ಟೆಯಲ್ಲಿ ಮಳೆನೀರು ನಿಲ್ಲುತ್ತದೆ. ಬೆಳದಿಂಗಳಿದ್ದರೆ ಒಂದು ಚಂದ್ರ ಬಂದು ಮಲಗುತ್ತದೆ. ಅದನ್ನು ಯಾರೂ ಅರೆಯುವುದಿಲ್ಲ. ನನ್ನ ಬಿರುಕುಗಳಲ್ಲಿ ಹಳೆಯ ಪಾದರಸ ಉಳಿದಿದೆಯೋ ಏನೋ. ಗುಬ್ಬಿಗಳು ನೀರಿಗೆ ಬಂದಾಗ ಬೇಡವೆನ್ನಲು ನನಗೆ ಬಾಯಿಲ್ಲ.

ನೀಲವ್ವನ ಕೂಸು ಅತ್ತಿತೇ? ಹಿತ್ತಲಿಗೆ ಸುದ್ದಿ ಬರುವುದಿಲ್ಲ. ನನಗೆ ಗೊತ್ತಿಲ್ಲ.