ಪಿ ಅಂದರೆ ಪೆಟ್ರೋಲ್ ಅಲ್ಲ

ಜುಂಜಣ್ಣನ ಎಡಮಂಡಿ ಕೆಟ್ಟು ಎರಡು ವರ್ಷವಾಗಿತ್ತು. ಅದನ್ನು ಅವನು ಹೆಂಡತಿ ನಾಗಕ್ಕನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಚಿತ್ರದುರ್ಗದ ಎಣ್ಣೆಮಿಲ್ಲಿನ ಸಾಹುಕಾರ ಮುರುಗೇಶಪ್ಪನವರ ಕಾರಿಗೆ ಅವನು ಇಪ್ಪತ್ತೆರಡು ವರ್ಷದಿಂದ ಡ್ರೈವರ್. ಹಳೇ ಅಂಬಾಸಿಡರ್ ಕಾರು, ವಯಸ್ಸಾದ ಕ್ಲಚ್ಚು. ಒತ್ತಿದರೆ ಕಲ್ಲು ಒತ್ತಿದ ಹಾಗೆ. ಶೇಂಗಾ ಖರೀದಿಯ ದಿನಗಳಲ್ಲಿ ಹಿರಿಯೂರು, ಧರ್ಮಪುರ ಅಂತ ತಿರುಗಿ ಬಂದರೆ ಕಾಲು ಮಡಿಚಲು ಬರುತ್ತಿರಲಿಲ್ಲ. ಕಾರಿನಿಂದ ಇಳಿಯುವಾಗ ಎರಡೂ ಕೈಯಲ್ಲಿ ತೊಡೆ ಹಿಡಿದು, ಕಾಲನ್ನು ಎತ್ತಿ ಆಚೆ ಇಡಬೇಕು. ಯಾರಾದರೂ ನೋಡಿದರೆ ಪಂಚೆ ಕೊಡವಿದ ಹಾಗೆ ಮಾಡಿ ಮರೆಸುತ್ತಿದ್ದ.

ಸಂಜೆ ನಾಗಕ್ಕ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದಳು.

“ಸಾವ್ಕಾರ್ರಿಗೆ ಒಂದು ಮಾತು ಹೇಳ್ರಿ. ಆಸ್ಪತ್ರಿಗಾದ್ರೂ ಹೋಗಾಣ.”

“ಹೇಳಿದ್ರೆ ನಾಳೆ ಬೆಳಿಗ್ಗೆ ಆ ಸೀಟಿನಾಗೆ ಇನ್ನೊಬ್ಬ ಕುಂತಿರ್ತಾನೆ. ಆಮೇಲೆ ನಾನೇನು ಊರಿಗೋಗಿ ಕುರಿ ಕಾಯ್ಲಾ? ಕುರಿ ಕಾಯಾಕೂ ಕಾಲು ಬೇಕು ಕಣೆ.”

ನಾಗಕ್ಕ ಗಂಟನ್ನು ಮತ್ತೆ ಕಾಯಿಸಲು ಏಳುತ್ತಿದ್ದಳು. ದಿನಾ ಇದೇ ಮಾತು, ದಿನಾ ಇದೇ ಉತ್ತರ. ಅವಳಿಗೂ ಸಾಕಾಗಿ ಹೋಗಿತ್ತು.

ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಸಾಹುಕಾರರು ಇನ್ನೊಂದು ಕಾರು ತಂದರು. ಯಾವುದೋ ಗಣಿಯ ಎಂಜಿನಿಯರ್ ಊರು ಬಿಟ್ಟು ಹೋಗುವಾಗ ಮಾರಿದ ವಿಲಾಯತಿ ಕಾರು. ಉದ್ದ ನೋಡಿದರೆ ಅರ್ಧ ಬಸ್ಸು. ಜುಂಜಣ್ಣ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದ. ಕಾಲ ಹತ್ತಿರ ಎರಡೇ ಪೆಡಲು.

“ಕ್ಲಚ್ಚೆಲ್ಲೈತಪ್ಪ?”

ಗ್ಯಾರೇಜಿನ ಅಂಜನಪ್ಪ ಮೇಸ್ತ್ರಿ ಅಲ್ಲೇ ಇದ್ದ. ಇಬ್ಬರೂ ಹರೆಯದಿಂದ ಗೆಳೆಯರು. ಬೊಂಬಾಯಿಯ ದೊಡ್ಡ ಗ್ಯಾರೇಜಿನಲ್ಲಿ ಆರು ವರ್ಷ ಕೈ ಕಪ್ಪು ಮಾಡಿಕೊಂಡು ಬಂದ ಆಸಾಮಿ ಅವನು. “ಇದ್ರಾಗೆ ಕ್ಲಚ್ಚಿಲ್ಲ ಕಣೋ. ಆಟೋಮೆಟಿಕ್ಕು. ಗೇರು ಅದೇ ಹಾಕ್ಕಂತೈತೆ, ಅದೇ ತಕ್ಕಂತೈತೆ,” ಅಂದ. ಆಮೇಲೆ ದನಿ ತಗ್ಗಿಸಿದ. “ನಿನ್ ಎಡಗಾಲಿಗೆ ಹೇಳಿ ಮಾಡ್ಸಿದಂಗೈತೆ.”

“ನನ್ನ ಕಾಲಿಗೇನಾಗೈತೆ?”

“ನಂಗೆ ಕಣ್ಣಿಲ್ವೇನೋ?”

ಜುಂಜಣ್ಣನಿಗೆ ರೇಗಿತು. ಗೇರು ಹಾಕುವ ಕೈಚಳಕಕ್ಕೇ ಅವನಿಗೆ ಬಸ್‌ಸ್ಟ್ಯಾಂಡಿನಲ್ಲಿ ಹೆಸರು. ಹಿಂದೆ ಕೂತವರ ಕೈಯಲ್ಲಿರುವ ಕಾಫಿ ಲೋಟ ಅಲುಗದ ಹಾಗೆ ಗೇರು ಬದಲಿಸುತ್ತಾನೆ ಅಂತ ಲಾರಿಯವರೇ ಹೊಗಳುತ್ತಿದ್ದರು. ಈಗ ಆ ಕೈಗೆ ಕೆಲಸವೇ ಇಲ್ಲ ಅಂದರೆ ಇಪ್ಪತ್ತೆರಡು ವರ್ಷ ಕಲಿತದ್ದೆಲ್ಲ ಏನಾಯಿತು?

“ಗೇರಿಲ್ದಿದ್ ಗಾಡಿ ಓಡಿಸೋದೂ ಒಂದೇ, ಕುರ್ಚಿ ಮೇಲೆ ಕುಂತು ತೂಕಡಿಸೋದೂ ಒಂದೇ,” ಅಂದ. “ಗೇರಂದ್ರೆ ಗಾಡಿ ನಮ್ಮ ಮಾತು ಕೇಳ್ತೈತೆ. ದಿಬ್ಬ ಬಂತು, ಸೆಕೆಂಡ್ ಹಾಕು ಅಂದ್ರೆ ಹಾಕ್ಕಬೇಕು. ಇದು ತನಗೆ ಬೇಕಾದಾಗ ಹಾಕ್ಕಂಡ್ರೆ ನಾನ್ಯಾಕೆ?”

“ಆಯ್ತು ಮಾರಾಯ. ನಿಂಗೆ ಗೇರಿನ ಗಾಡಿನೇ ಇಷ್ಟ, ಬ್ಯಾಡ ಅಂದೋರ್ಯಾರು? ಇದು ಕೈಗೆ ಬಂದೈತಲ್ಲ, ಒಂದರ್ಧ ಗಂಟೆ ಕುಂತ್ಕ, ಹೇಳ್ಕೊಡ್ತೀನಿ.”

“ನಂಗಾ? ನೀನು ಗಾಡಿ ಬಿಡಾದು ಹೇಳ್ಕೊಡ್ತೀಯಾ?” ಅಂದ ಜುಂಜಣ್ಣ, ಬಾಗಿಲು ಬಡಿದ. ಅಂಜನಪ್ಪ ಕೈ ಒರೆಸಿಕೊಂಡು ಹೊರಟು ಹೋದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಸ್ಟೀರಿಂಗ್ ಪಕ್ಕದ ಕಡ್ಡಿಗೆ ಐದು ಇಂಗ್ಲಿಷ್ ಅಕ್ಷರ ಇದ್ದವು. ಪಿ, ಆರ್, ಎನ್, ಡಿ, ಎಲ್. ನಂಬರ್ ಪ್ಲೇಟು ಓದುವಷ್ಟು ಇಂಗ್ಲಿಷ್ ಜುಂಜಣ್ಣನಿಗೆ ಬರುತ್ತಿತ್ತು. ಆರ್ ಅಂದರೆ ರಿವರ್ಸು, ಎನ್ ಅಂದರೆ ನೂಟ್ರಲ್ಲು, ಇವು ಹಳೇ ಪರಿಚಯ. ಡಿಗೆ ಹಾಕಿದರೆ ಮುಂದೆ ಹೋಗುತ್ತದೆ, ಎಲ್‌ಗೆ ಹಾಕಿದರೆ ನಿಧಾನ ಹೋಗುತ್ತದೆ, ಇವನ್ನು ಮಿಲ್ಲಿನ ಅಂಗಳದಲ್ಲಿ ಓಡಿಸಿ ಕಂಡುಕೊಂಡ. ಉಳಿದದ್ದು ಪಿ. ಅದಕ್ಕೆ ಹಾಕಿ ಆಕ್ಸಿಲೇಟರ್ ಒತ್ತಿದ. ಇಂಜಿನ್ನು ಭರ್ರೋ ಅಂದಿತು, ಗಾಡಿ ಇದ್ದಲ್ಲೇ ಇತ್ತು.

ಅದೇ ಹೊತ್ತಿಗೆ ಸಾಹುಕಾರರು ಜಗಲಿಯಿಂದ ಕೂಗಿದರು. “ಏನಪ್ಪ ಜುಂಜಣ್ಣ, ಪೆಟ್ರೋಲ್ ರೇಟು ಎಲ್ಲಿಗೋಗೈತೆ ಗೊತ್ತೈತಾ? ಸುಮ್ನೆ ಯಾಕೆ ಉರಿಸ್ತೀಯ?”

ಜುಂಜಣ್ಣನಿಗೆ ತಟ್ಟನೆ ಹೊಳೆಯಿತು. ಪಿ ಅಂದರೆ ಪೆಟ್ರೋಲು! ಇದಕ್ಕೆ ಹಾಕಿದರೆ ಗಾಡಿ ಓಡದೆಯೂ ಪೆಟ್ರೋಲು ಕುಡಿಯುತ್ತದೆ. ಅವತ್ತಿನಿಂದ ಅವನು ಆ ಅಕ್ಷರದ ತಂಟೆಗೆ ಹೋಗಲಿಲ್ಲ. ಎನ್‌ನಲ್ಲಿ ಚಾಲೂ ಮಾಡುತ್ತಿದ್ದ, ಡಿಯಲ್ಲಿ ಓಡಿಸುತ್ತಿದ್ದ, ಡಿಯಲ್ಲೇ ಕೀಲಿ ತಿರುಗಿಸಿ ಇಳಿಯುತ್ತಿದ್ದ. ಹಳೇ ಗಾಡಿಯನ್ನು ಗೇರಿನಲ್ಲಿ ಬಿಟ್ಟು ಇಳಿದರೆ ಅದು ಎತ್ತಿನ ಹಾಗೆ ನಿಂತಲ್ಲೇ ನಿಲ್ಲುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆಯುವುದು ಹೊಸಬರ ಕೆಲಸ ಅಂತ ಅವನ ಲೆಕ್ಕ. ಓದುತ್ತಿರುವ ಡ್ರೈವರಣ್ಣ, ನಗಬೇಡ. ನೀನು ಕಡೇ ಸಲ ಹ್ಯಾಂಡ್‌ಬ್ರೇಕ್ ಎಳೆದದ್ದು ಯಾವಾಗ?

ಮುಂದಿನ ವಾರ ಸಾಹುಕಾರರ ಹೆಂಡತಿ ಶಿವಗಂಗಮ್ಮನವರು ಹೊಸದುರ್ಗದ ಮಗಳ ಮನೆಗೆ ಹೊರಟರು. ಮಗಳು ಬಾಣಂತಿ. ಕೈಯಾಸರೆಗೆ ಇರಲಿ ಅಂತ ನಾಗಕ್ಕನನ್ನೂ ಕರೆದರು. ಅಮ್ಮನವರು ಹಿಂದೆ ಕೂತರು, ನಾಗಕ್ಕ ಮುಂದೆ, ಗಂಡನ ಪಕ್ಕದಲ್ಲಿ.

ದಾರಿಯುದ್ದಕ್ಕೂ ಜುಂಜಣ್ಣನ ಎಡಗಾಲು ಕ್ಲಚ್ಚು ಹುಡುಕುತ್ತಿತ್ತು. ಎಮ್ಮೆ ಅಡ್ಡ ಬಂದರೆ ಸಾಕು, ಕಾಲು ತಾನಾಗಿ ಧಡ್ ಅಂತ ಒತ್ತುತ್ತಿತ್ತು. ಅಲ್ಲಿ ಇದ್ದದ್ದು ಮಣೆಯಷ್ಟು ಅಗಲದ ಬ್ರೇಕು. ಕಾರು ಗಕ್ಕನೆ ನಿಲ್ಲುವುದು, ಹೆಂಗಸರಿಬ್ಬರೂ ಮುಂದಕ್ಕೆ ಮುಗ್ಗರಿಸುವುದು.

“ಶಿವನೇ! ಜುಂಜಣ್ಣ, ನಿನಗೇನು ಹುಷಾರಿಲ್ವೇನಪ್ಪ?” ಅಂದರು ಶಿವಗಂಗಮ್ಮ, ಹಣೆ ಉಜ್ಜಿಕೊಳ್ಳುತ್ತ.

“ಗಾಡಿನೇ ಹಂಗೈತೆ ಅಮ್ಮಾರೆ.”

ಹೊಳಲ್ಕೆರೆ ದಾಟುವ ಹೊತ್ತಿಗೆ ಮೂರು ಸಲ ಹೀಗಾಯಿತು. ಜುಂಜಣ್ಣನಿಗೆ ಅಳು ಬರುವಷ್ಟು ಬೇಸರ. ಮಂಡಿ ನೋವಿಗಿಂತ ಈ ಅವಮಾನ ಹೆಚ್ಚು ಸುಸ್ತು ಮಾಡಿತ್ತು. ಮುಂದೆ ಒಂದು ಇಳಿಜಾರು, ಪಕ್ಕದ ಹುಣಸೆಮರದ ಕೆಳಗೆ ಎಳನೀರು ಮಾರುತ್ತಿದ್ದರು. ಅಮ್ಮನವರು ಬಾಯಾರಿಕೆ ಅಂದರು. ಅವನು ಅಲ್ಲೇ ಡಿಯಲ್ಲಿ ಕೀಲಿ ತಿರುಗಿಸಿ, ಕಾಲೆತ್ತಿ ಆಚೆ ಇಟ್ಟು, ಇಳಿದ. ಮುಂದಿನ ಗಾಲಿ ಸಣ್ಣದೊಂದು ಗುಂಡಿಯಲ್ಲಿ ಕೂತಿದ್ದರಿಂದ ಕಾರು ನಿಂತಿತು.

ಎಳನೀರಿಗೆ ಕೈ ಚಾಚಿದ್ದಾನೆ, ಹಿಂದೆ ಟೈರಿನ ಕೆಳಗೆ ಜಲ್ಲಿ ಚರಚರ ಅಂದ ಸದ್ದು. ಅಮ್ಮನವರು ಗಾಳಿಗೆಂದು ಸೀಟಿನಲ್ಲಿ ಈ ಕಡೆಗೆ ಸರಿದಿದ್ದರು, ಅಷ್ಟೇ. ಕಾರು ಗುಂಡಿಯಿಂದ ಎದ್ದು ಹೊರಟೇಬಿಟ್ಟಿತು.

ಇಳಿಜಾರಿನ ತುದಿಯಲ್ಲಿ ತಿರುವು. ತಿರುವಿನಲ್ಲಿ ಮೋರಿ. ಮೋರಿಗೆ ಪಕ್ಕಗೋಡೆ ಇಲ್ಲ, ಕೆಳಗೆ ಎರಡಾಳು ಆಳದ ಒಣಹಳ್ಳ.

ಜುಂಜಣ್ಣ ಓಡಿದ. ಓಡಿದ ಅನ್ನುವುದು ಸುಳ್ಳು. ನಾಲ್ಕು ಹೆಜ್ಜೆ ಹಾಕಿದ, ಎಡಮಂಡಿ ಕೈಕೊಟ್ಟಿತು, ರಸ್ತೆಯ ಮೇಲೆ ಮುಖ ಅಡಿಯಾಗಿ ಬಿದ್ದ. ತಲೆ ಎತ್ತಿದರೆ ಕಾರು ಹೋಗುತ್ತಲೇ ಇದೆ. ಹಿಂದಿನ ಗಾಜಿನಲ್ಲಿ ಅಮ್ಮನವರ ಬಿಳೀ ಕೂದಲು ಕಾಣುತ್ತಿತ್ತು. ಎರಡು ವರ್ಷ ಮುಚ್ಚಿಟ್ಟ ಕಾಲು ಈಗ ಇಡೀ ಹೊಸದುರ್ಗದ ರಸ್ತೆಗೆ ಕಾಣುವ ಹಾಗೆ ಬಿದ್ದಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ.

“ನಾಗೀ!” ಅಂತ ಕೂಗಿದ. “ನಾಗೀ, ನಾಗೀ!” ಬೇರೆ ಮಾತೇ ಬಾಯಿಗೆ ಬರಲಿಲ್ಲ.

ನಾಗಕ್ಕನ ತಲೆ ಮುಂದಿನ ಸೀಟಿನಿಂದ ಮಾಯವಾಯಿತು. ಎಚ್ಚರ ತಪ್ಪಿ ಬಿದ್ದಳು ಅಂದುಕೊಂಡ.

ಕಾರು ಗಕ್ಕನೆ ನಿಂತಿತು. ಮೋರಿಗೆ ಇನ್ನು ಒಂದು ಮಾರು ಇತ್ತು.

ಒಳಗಿನಿಂದ ನಾಗಕ್ಕನ ದನಿ ಬಂತು. “ರೀ, ಕೈ ತೆಗೀಲಾ?”

“ತೆಗೀಬ್ಯಾಡ! ತೆಗೀಬ್ಯಾಡ ಕಣೆ!”

ಎಳನೀರಿನವನು ಕಲ್ಲು ಹೊತ್ತು ಓಡಿದ, ಜುಂಜಣ್ಣ ಕುಂಟುತ್ತ ಇನ್ನೊಂದು ತಂದ. ಎರಡೂ ಗಾಲಿಗೆ ಕಲ್ಲು ಕೊಟ್ಟ ಮೇಲೆ ಬಾಗಿಲು ತೆಗೆದು ನೋಡಿದರೆ, ನಾಗಕ್ಕ ಸ್ಟೀರಿಂಗಿನ ಕೆಳಗೆ ತಲೆ ಹಾಕಿ, ಆ ಅಗಲದ ಪೆಡಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು. ಬಳೆ ಒಡೆದು ಮುಂಗೈಯಲ್ಲಿ ರಕ್ತ ಬರುತ್ತಿತ್ತು.

“ನಿಂಗೆ ಹೆಂಗೆ ಗೊತ್ತಾಯ್ತೆ ಅದು ಬ್ರೇಕು ಅಂತ?”

“ದುರ್ಗದಿಂದ ಇಲ್ಲಿಗಂಟ ನೀವು ಅದ್ನ ಒತ್ತಿದಾಗೆಲ್ಲ ನನ್ನ ಹಣೆ ಹೋಗಿ ಬಡಿದೈತೆ. ಗೊತ್ತಾಗ್ದೆ ಏನು?”

ಶಿವಗಂಗಮ್ಮನವರು ಮರದ ನೆರಳಿಗೆ ಬಂದು ಕೂತರು. ಎಳನೀರು ಕುಡಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು. “ಗಾಡಿ ನಿಲ್ಸೇ ಇಳಿದ್ಯಲ್ಲ. ಮತ್ಯಾಕಪ್ಪ ಹೋಯ್ತು?”

ಜುಂಜಣ್ಣ ಬಾಯಿ ತೆರೆದ. ತಪ್ಪನ್ನು ಗಾಡಿಯ ಮೇಲೆ ಹಾಕಬಹುದಿತ್ತು. ರಸ್ತೆಯ ಮೇಲೂ ಹಾಕಬಹುದಿತ್ತು. ನಾಗಕ್ಕ ಸೆರಗಿನ ತುದಿಯಿಂದ ಮುಂಗೈ ಒರೆಸಿಕೊಳ್ಳುತ್ತಿದ್ದಳು.

“ನಂಗೆ ಗೊತ್ತಿಲ್ಲ ಅಮ್ಮಾರೆ,” ಅಂದ. “ಈ ಗಾಡಿ ವಿಷಯ ನಂಗೇನೇನೂ ಗೊತ್ತಿಲ್ಲ. ಅಂಜನಪ್ಪ ಹೇಳ್ಕೊಡ್ತೀನಿ ಅಂದ, ನಾನೇ ಬ್ಯಾಡ ಅಂದೆ. ನನ್ ಕಾಲೂ ಹೋಗೈತೆ. ಎರಡು ವರ್ಷಾತು.”

“ಅಯ್ಯೋ ಮಂಕೇ,” ಅಂದರು ಶಿವಗಂಗಮ್ಮ. ಅವರಿಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. “ಈ ಮಾತು ಮನೇಲೇ ಹೇಳಿದ್ರೆ ನಾನು ಬಸ್ಸಿಗೆ ಹೋಗ್ತಿದ್ನಲ್ಲೋ!”

ಊರಿಗೆ ಮರಳಿದ ಮೇಲೆ ಸಾಹುಕಾರರ ಮುಂದೆ ಜುಂಜಣ್ಣ ಎಲ್ಲವನ್ನೂ ಒಪ್ಪಿಕೊಂಡ, ಪಿಯ ಕಥೆಯನ್ನೂ ಬಿಡಲಿಲ್ಲ. ಕೆಲಸ ಹೋಯಿತು ಅಂತಲೇ ನಿಂತಿದ್ದ. ಮುರುಗೇಶಪ್ಪನವರು ಕಾರಿನ ಕೀಲಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

“ಹೊಸ ಡ್ರೈವರ್ನ ತಂದ್ರೆ ಅವನೂ ಪಿ ಅಂದ್ರೆ ಇನ್ನೇನೋ ಅಂದ್ಕಂತಾನೆ,” ಅಂದರು. “ನಾಳೆ ದೊಡ್ಡಾಸ್ಪತ್ರೆಗೆ ಹೋಗಿ ಕಾಲು ತೋರ್ಸು. ಆಮೇಲೆ ಅಂಜನಪ್ಪನ ಹತ್ರ ಹೋಗು. ಕಲ್ತ ಅಂತ ಅವನು ಹೇಳ್ದಾಗ ಕೀಲಿ ಕೊಡ್ತೀನಿ. ಅಲ್ಲಿವರ್ಗೆ ಮುಟ್ಟಬ್ಯಾಡ.”

ಮಿಲ್ಲಿನ ಅಂಗಳದಲ್ಲಿ ಪಾಠ ಶುರುವಾಯಿತು. ಬೇಡ ಅಂದರೂ ನಾಗಕ್ಕ ಬಂದು ನಿಂತಳು. “ಇನ್ನೊಂದ್ಸಲ ಸ್ಟೀರಿಂಗಿನ ಕೆಳಗೆ ತಲೆ ಹಾಕಾಕೆ ನನ್ ಕೈಲಾಗಲ್ಲ. ನಾನೂ ಕೇಳ್ತೀನಿ.”

“ಕೇಳ್ರಿ ನಾಗಕ್ಕ, ಇವನಿಗಿಂತ ನಿಮಗೇ ಬೇಗ ಹತ್ತೀತು,” ಅಂದ ಅಂಜನಪ್ಪ. “ನೋಡೋ ಜುಂಜಣ್ಣ. ಹಳೇ ಗಾಡಿನಾಗೆ ಗೇರಿಗೆ ಹಾಕಿದ್ರೆ ಇಂಜಿನ್ನೂ ಗಾಲಿನೂ ಹಲ್ಲಿಗೆ ಹಲ್ಲು ಕಚ್ಕಂಡಿರ್ತವೆ. ಇಂಜಿನ್ ನಿಂತ್ರೂ ಗಾಲಿ ಹಿಡ್ಕಂತೈತೆ. ಇದ್ರಾಗೆ ನಡುವೆ ಎಣ್ಣೆ ಕೆಲ್ಸ ಮಾಡ್ತೈತೆ. ಇಂಜಿನ್ ನಿಂತ್ರೆ ಎಣ್ಣೆಗೆ ಬಲ ಇಲ್ಲ. ಡಿಯಾಗೆ ಬಿಟ್ಟು ಇಳಿದ್ರೆ ಗಾಡಿನ ಯಾರೂ ಹಿಡ್ಕಂಡಿಲ್ಲ ಅಂತ್ಲೇ ಲೆಕ್ಕ.”

“ಮತ್ತೆ ಪಿ?”

“ಪಾರ್ಕಿಂಗ್. ನಿಲ್ಸೋದು. ಪಿಗೆ ಹಾಕಿದ್ರೆ ಒಳಗೆ ಒಂದು ಕೊಂಡಿ ಬಿದ್ದು ಹಲ್ಲು ಹಿಡೀತೈತೆ. ಅದೊಂದನ್ನೇ ನಂಬಬ್ಯಾಡ. ಮೊದ್ಲು ಹ್ಯಾಂಡ್‌ಬ್ರೇಕು, ಆಮೇಲೆ ಪಿ. ಇಳಿಜಾರಿದ್ರೆ ಗಾಲಿಗೆ ಕಲ್ಲು.”

“ಹಳೇ ಗಾಡಿಗೆ?” ಅಂತ ಕೇಳಿದ್ದು ನಾಗಕ್ಕ.

“ಅದಕ್ಕೂ ಹಂಗೇ. ಹ್ಯಾಂಡ್‌ಬ್ರೇಕು, ಗೇರು, ಕಲ್ಲು. ಬರೇ ಗೇರನ್ನ ನಂಬಿದ ಲಾರಿ ಹಳ್ಳಕ್ಕೆ ಬಿದ್ದಿರೋದು ನಾನೇ ನೋಡೀನಿ. ಇನ್ನ ಈ ಎಡಗಾಲು. ಈ ಗಾಡಿನಾಗೆ ಅದಕ್ಕೆ ಕೆಲ್ಸಾನೇ ಇಲ್ಲ. ಬ್ರೇಕೂ ಬಲಗಾಲು, ಆಕ್ಸಿಲೇಟ್ರೂ ಬಲಗಾಲು. ಎಡಗಾಲು ಸೀಟಿನ ಕಡೆ ಎಳ್ಕಂಡು ಕುಂತ್ಕ.”

ಐದನೇ ದಿನಕ್ಕೆ ಎಡಗಾಲು ಸುಮ್ಮನೆ ಕೂರುವುದನ್ನು ಕಲಿತಿತು. ಹತ್ತನೇ ದಿನ ಕೀಲಿ ಕೈಗೆ ಬಂತು. ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟು, ಮೊದಲೇ ಬರಬಾರದಿತ್ತೇ ಅಂತ ಬೈದರು. ಸವೆದದ್ದು ಪೂರ್ತಿ ವಾಪಸು ಬರುವುದಿಲ್ಲ ಅಂತಲೂ ಹೇಳಿದರು. ಮಂಡಿ ಈಗಲೂ ನೋಯುತ್ತದೆ.

ಬಸ್‌ಸ್ಟ್ಯಾಂಡಿನಲ್ಲಿ ಲಾರಿ ಡ್ರೈವರ್ ಉಗ್ರಪ್ಪ ಕೆಣಕಿದ. “ಏನಪ್ಪ, ಗೇರು ಬಿಟ್ಟು ಕುರ್ಚಿ ಸೇರ್ಕಂಡೆ ಅಂತೆ? ಯಾವ್ದಪ್ಪ ಒಳ್ಳೇ ಗಾಡಿ?”

“ನನ್ ಕೈಗೆ ಇವತ್ತಿಗೂ ಗೇರಿನ ಗಾಡಿನೇ ಇಷ್ಟ. ನನ್ ಕಾಲಿಗೆ ಇದು ಇಷ್ಟ,” ಅಂದ ಜುಂಜಣ್ಣ. “ಗೊತ್ತಿಲ್ದೆ ಓಡಿಸಿದ್ರೆ ಎರಡೂ ಕೆಟ್ಟವೇ. ಇದು ಗೊತ್ತಿಲ್ದೆ ನನ್ನ ಹೆಂಡ್ತಿನ ಕೊಲ್ತಿದ್ದೆ ಕಣಪ್ಪ.”

ಉಗ್ರಪ್ಪ ಚಹಾ ಲೋಟ ಕೆಳಗಿಟ್ಟು ತನ್ನ ಲಾರಿಯ ಕಡೆ ನೋಡಿದ. ಆಮೇಲೆ ಎದ್ದು ಹೋಗಿ ಗಾಲಿಗೆ ಕಲ್ಲು ಕೊಟ್ಟು ಬಂದ.

ಡ್ರೈವರಣ್ಣಂದಿರೇ, ನಿಮಗೆ ಯಾವ ಗಾಡಿ ಇಷ್ಟವೋ ಅದನ್ನೇ ಓಡಿಸಿ, ನಮ್ಮ ತಕರಾರಿಲ್ಲ. ಇಳಿಯುವ ಮುಂಚೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಳಿಜಾರಾದರೆ ಗಾಲಿಗೆ ಕಲ್ಲು ಕೊಡಿ. ಕಾಲೋ ಕಣ್ಣೋ ನೋಯುತ್ತಿದ್ದರೆ ಬಚ್ಚಿಡದೆ ಆಸ್ಪತ್ರೆಗೆ ಹೋಗಿ. ಹೊಸ ಗಾಡಿ ಕೈಗೆ ಬಂದರೆ ತಿಳಿದವರ ಪಕ್ಕ ಅರ್ಧ ಗಂಟೆ ಕೂತು ಕೇಳಿ. ಅಕ್ಕಂದಿರೇ, ನಿಮ್ಮ ಮನೆಯ ಡ್ರೈವರಿಗೆ ಇದನ್ನು ಓದಿ ಹೇಳಿ. ಬೈದರೂ ಹೇಳಿ.

‘ನಂಗೆ ಗೊತ್ತಿಲ್ಲ’ ಎನ್ನುವ ಒಂದು ಮಾತು ಹೇಳಲು ಜುಂಜಣ್ಣನಿಗೆ ಅಷ್ಟುದ್ದದ ಇಳಿಜಾರು ಬೇಕಾಯಿತು. ನೀವು ಸಮ ನೆಲದ ಮೇಲೆ ನಿಂತಿದ್ದೀರಿ. ಇವತ್ತೇ ಹೇಳಿ.